ರೋಗಾ ಎಂದರೆ ತೆಳ್ಳಗೆ

ಬಂಗಾಳಿಯಲ್ಲಿ ‘ರೋಗಾ’ ಎಂದರೆ ತೆಳ್ಳಗಿರುವವರು. ಮದುವೆಯಾಗಿ ಕೋಲ್ಕತ್ತಾಕ್ಕೆ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. 2022ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಲೇಕ್ ಮಾರ್ಕೆಟ್‌ಗೆ ಕರಿಬೇವು ತರಲು ಹೋಗಿದ್ದೆ. ಬಾಳೆಎಲೆ ಮಾರುವಾಕೆ ನನ್ನ ಮುಖ ನೋಡಿ, “ಏತೋ ರೋಗಾ ಹೋಯೇ ಗೇಛೇನ್, ದಿದಿ!” ಎಂದಳು. ಎಷ್ಟು ತೆಳ್ಳಗಾಗಿಬಿಟ್ಟಿದ್ದೀರಿ ಅಕ್ಕಾ ಅಂತ. ಆದರೆ ನನ್ನದು ತಿಪಟೂರಿನ ಕಿವಿ, ಅದಕ್ಕೆ ಕೇಳಿದ್ದು ರೋಗ. ಎರಡೂ ನಿಜವೇ ಆಗಿತ್ತು. ನಾಲ್ಕು ತಿಂಗಳಲ್ಲಿ 26 ಕಿಲೋ ಇಳಿದಿದ್ದೆ. ಬಾಚಣಿಗೆ ಹಾಕಿದರೆ ಹಿಡಿ ಹಿಡಿ ಕೂದಲು ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು.

ಆ ವರ್ಷ ಫೆಬ್ರವರಿಯಲ್ಲಿ ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿತ್ತು. ಆಗ ನನ್ನ ತೂಕ 118 ಕಿಲೋ, ಎತ್ತರ 158 ಸೆಂಟಿಮೀಟರ್. ವೈದ್ಯರ ಲೆಕ್ಕದಲ್ಲಿ ಬಿಎಂಐ 47. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆರಡು ಹೊತ್ತು ಇನ್ಸುಲಿನ್, ಮಲಗಿದರೆ ಎದೆಯುರಿ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು. ನಡಿಗೆ, ಉಪವಾಸ, ಪುಡಿ, ಕಷಾಯ ಎಲ್ಲ ಮಾಡಿ ಹತ್ತು ಕಿಲೋ ಇಳಿಸಿ ಹನ್ನೆರಡು ಕಿಲೋ ಏರಿಸಿಕೊಂಡದ್ದು ಎಷ್ಟು ಸಲವೋ.

ತೂಕ ಇಳಿಸುವ ಆಪರೇಷನ್‌ಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವವು ಎರಡು. ‘ಸ್ಲೀವ್’ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿಂದದ್ದು ಜಠರದ ಬಹುಪಾಲನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಹೋಗುತ್ತದೆ. ಎದೆಯುರಿ ಜೋರಾಗಿರುವವರಿಗೆ ಸ್ಲೀವ್‌ಗಿಂತ ಇದು ಮೇಲು ಎಂದು ನನಗೆ ಇದನ್ನೇ ಹೇಳಿದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಇದನ್ನು ಮೊದಲು ಮಾಡಿದವರು. ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡ ರೋಗಿಗಳು ಸಣ್ಣಗಾಗುವುದನ್ನು ಕಂಡು ಅವರಿಗೆ ಇದು ಹೊಳೆಯಿತು.

ಜಠರ ಚಿಕ್ಕದಾದದ್ದಷ್ಟೇ ಕಾರಣವಲ್ಲ, ಹಸಿವನ್ನೂ ಸಕ್ಕರೆಯನ್ನೂ ಆಳುವ ಹಾರ್ಮೋನುಗಳೇ ಬದಲಾಗುತ್ತವೆ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ನನ್ನ ಇನ್ಸುಲಿನ್ ನಿಂತಿತ್ತು. ಆಗಿನ್ನೂ ಮೂರು ಕಿಲೋ ಸಹ ಇಳಿದಿರಲಿಲ್ಲ. ಹನ್ನೊಂದು ವರ್ಷ ಹೊಟ್ಟೆಗೆ ಚುಚ್ಚಿಕೊಂಡವಳಿಗೆ ಅದು ಎಂಥ ಬಿಡುಗಡೆ ಎಂಬುದು ಚುಚ್ಚಿಕೊಳ್ಳುವವರಿಗೇ ಗೊತ್ತು.

ಆಪರೇಷನ್ ಆದದ್ದು ಎರಡೂವರೆ ಗಂಟೆ. ಅದರ ಜೊತೆ ಬದುಕುವುದನ್ನು ಮೂರು ವರ್ಷ ದಾಟಿದರೂ ಕಲಿಯುತ್ತಲೇ ಇದ್ದೇನೆ.

ಮೊದಲ ಎರಡು ವಾರ ಬರೀ ನೀರಾಗಿರುವುದು: ಬೇಳೆಕಟ್ಟು, ಮಜ್ಜಿಗೆ, ಗಂಜಿ ತಿಳಿ. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಎರಡು ತಿಂಗಳಾಗುವಾಗ ಸಾಮಾನ್ಯ ಊಟ. ಅಳತೆಗೆ ನಾನು ಇಟ್ಟುಕೊಂಡದ್ದು ಕೋಲ್ಕತ್ತಾದ ಮಣ್ಣಿನ ಟೀ ಲೋಟ. ಇಲ್ಲಿ ಅದಕ್ಕೆ ‘ಭಾಂಡ್’ ಅಂತಾರೆ, ನಮ್ಮ ಭಾಂಡದ ಮರಿ. ಬೀದಿಯಲ್ಲಿ ಟೀ ಕುಡಿದು ಎಸೆಯುವ ಆ ಲೋಟದಲ್ಲಿ ತೀರಾ ಚಿಕ್ಕದೊಂದನ್ನು ತೊಳೆದು ತಂದೆ. ಒಂದು ಭಾಂಡ್ ಬೇಳೆಕಟ್ಟು ಕುಡಿಯಲು ಇಪ್ಪತ್ತೈದು ನಿಮಿಷ. ಅವಸರ ಮಾಡಿದರೆ ಎದೆಯ ನಡುವೆ ಕಲ್ಲು ಕೂತಂತೆ ನೋವು. ನಮ್ಮ ಕಡೆ ಎಲೆಯ ಪಕ್ಕ ನೀರಿಟ್ಟ ಮೇಲೇ ಊಟಕ್ಕೆ ಬಡಿಸುವುದು. ನನಗೀಗ ಊಟಕ್ಕೆ ಅರ್ಧ ಗಂಟೆ ಮುಂಚೆ, ಅರ್ಧ ಗಂಟೆ ಆಮೇಲೆ ನೀರಿಲ್ಲ. ನೀರಿಗೆ ಜಾಗ ಕೊಟ್ಟರೆ ಅನ್ನಕ್ಕೆ ಜಾಗವಿಲ್ಲ. ಜೊತೆಗೆ ಕುಡಿದರೆ ತಿಂದದ್ದು ಬೇಗ ಜಾರಿ ಹೋಗುತ್ತದೆ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹಬ್ಬ ಮುಗಿದ ಮೇಲೆ ಒಂದು ದಿನ ಅಮ್ಮ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿತು ಬೆಳೆದ ಬಾಯಿ ನನ್ನದು. ತುತ್ತನ್ನು ಇಪ್ಪತ್ತೈದು ಸಲ ಅಗಿಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಆ ಸಾರಿನ ವಾಸನೆಗೆ ಮರೆತೇ ಹೋಯಿತು. ಗೋಲಿಯಷ್ಟು ತುತ್ತು, ಒಂದೇ ಗುಟುಕಿಗೆ ನುಂಗಿದೆ. ಅದು ಸಿಕ್ಕಿಕೊಂಡಿತು. ಬಾಯಿ ತುಂಬ ನೊರೆಯಂಥ ಜೊಲ್ಲು, ಬೆನ್ನಿಗೆ ಹೊಡೆಯುವ ನೋವು. ಹಿತ್ತಲಿನ ಕಟ್ಟೆ ಹಿಡಿದು ನಿಂತು ಮುಕ್ಕಾಲು ಗಂಟೆಯಾದ ಮೇಲೆ ಅದು ವಾಂತಿಯಾಗಿ ಹೊರಬಂತು. ಅಮ್ಮ ಬೆನ್ನು ನೀವುತ್ತಾ, “ಯಾಕೆ ಮಗಾ, ದೇವರು ಕೊಟ್ಟ ಹೊಟ್ಟೇನ ಹಿಂಗೆ ಕುಯ್ಸಿಕೊಂಡೆ?” ಎಂದು ಅತ್ತರು. ನನಗೂ ಆ ಹೊತ್ತಿಗೆ ಉತ್ತರವಿರಲಿಲ್ಲ. ಸಂಜೆ ಅಮ್ಮ ಅಟ್ಟದ ಪೆಟ್ಟಿಗೆಯಿಂದ ನಾನು ಕೂಸಾಗಿದ್ದಾಗಿನ ಒಳಲೆಯನ್ನು ಹುಡುಕಿ ತೆಗೆದು, ಹುಣಸೆಹಣ್ಣು ಹಚ್ಚಿ ಉಜ್ಜಿ, ಅದರಲ್ಲಿ ರಾಗಿ ಅಂಬಲಿ ಹಾಕಿ ಕೊಟ್ಟರು. ಅಲ್ಲಿದ್ದಷ್ಟು ದಿನವೂ ಅದೇ ನನ್ನ ತಟ್ಟೆ. ಅವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಕೋಲ್ಕತ್ತಾದಲ್ಲಿ ‘ತಿನ್ನಲ್ಲ’ ಎನ್ನುವುದು ಇನ್ನೂ ಕಷ್ಟ. ದುರ್ಗಾಪೂಜೆ ಮುಗಿದು ದೇವಿಯನ್ನು ಬಿಟ್ಟ ಮೇಲೆ ಬಿಜೋಯಾ. ಹಿರಿಯರ ಮನೆಗೆ ಹೋಗಿ ಕಾಲು ಮುಟ್ಟಬೇಕು, ಅವರು ಕೊಟ್ಟ ಸಿಹಿ ತಿನ್ನಬೇಕು. ನಮ್ಮ ಮೇಲಿನ ಮನೆಯ ಹಿರಿಯಾಕೆ ಮಾಶಿಮಾ ತಟ್ಟೆಯಲ್ಲಿ ಎರಡು ರಸಗುಲ್ಲ ತಂದು, “ಒಂದಾದರೂ ತಿನ್ನು ಬೌಮಾ, ಬಿಜೋಯಾ ದಿನ ಬೇಡ ಅನ್ನಬಾರದು” ಎಂದರು. ಬೌಮಾ ಎಂದರೆ ಸೊಸೆ. ಹಾಗೆ ಕರೆದವರಿಗೆ ಇಲ್ಲ ಎನ್ನಲಾಗಲಿಲ್ಲ. ಹದಿನೈದು ನಿಮಿಷಕ್ಕೆ ಎದೆ ಡವಗುಟ್ಟಿತು, ಹಣೆಯಲ್ಲಿ ತಣ್ಣನೆ ಬೆವರು, ಹೊಟ್ಟೆಯಲ್ಲಿ ಹಿಂಡಿದ ಹಾಗೆ. ಅವರ ಮಂಚದ ಮೇಲೇ ಮಲಗಿದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ತಡೆದು ತಡೆದು ಬಿಡುವ ಜಠರವಿಲ್ಲದೆ ಸಕ್ಕರೆ ನೇರವಾಗಿ ಕರುಳಿಗೆ ಬಿದ್ದಾಗ, ಅದು ರಕ್ತದಿಂದ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ. ಒಂದೆರಡು ಗಂಟೆಯ ಮೇಲೆ ಇನ್ಸುಲಿನ್ ಹೆಚ್ಚು ಸುರಿದು ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗುವುದೂ ಉಂಟು. ಮಾಶಿಮಾ ಗಾಬರಿಯಾಗಿ ಕಾಲು ಒತ್ತುತ್ತಾ ಕೂತಿದ್ದರು. ಮರುವರ್ಷ ಅದೇ ತಟ್ಟೆಯಲ್ಲಿ ನನಗೆಂದೇ ಸಕ್ಕರೆ ಹಾಕದ ಛಾನಾ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಇಟ್ಟಿದ್ದರು.

ಆ ಛಾನಾ ನನ್ನನ್ನು ಕಾಪಾಡಿತು ಎಂದರೂ ಸರಿ. ಹಾಲು ಒಡೆಸಿ ಬಟ್ಟೆಯಲ್ಲಿ ಬಸಿದದ್ದು. ರಸಗುಲ್ಲಕ್ಕೂ ಸಂದೇಶಕ್ಕೂ ಅದೇ ಮೂಲ. ಆಪರೇಷನ್ ಆದವರಿಗೆ ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೊಟೀನ್ ಬೇಕು. ಮೊಟ್ಟೆ ಮೀನು ಮುಟ್ಟದ ನನಗೆ, ಭಾಂಡ್ ಅಳತೆಯ ಊಟದಲ್ಲಿ ಅಷ್ಟು ತುಂಬಿಸುವುದು ದೊಡ್ಡ ಚಿಂತೆಯಾಗಿತ್ತು. ನೂರು ಗ್ರಾಂ ಛಾನಾದಲ್ಲಿ ಸುಮಾರು 18 ಗ್ರಾಂ ಸಿಗುತ್ತದೆ. ಹೆಸರುಬೇಳೆ ತೊವ್ವೆ, ಸೋಯಾ, ಗಟ್ಟಿ ಮೊಸರು ಸೇರಿದರೆ ಲೆಕ್ಕ ಹತ್ತಿರ ಬರುತ್ತದೆ. ತಟ್ಟೆಯಲ್ಲಿ ಮೊದಲು ಅದು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಅನ್ನ ಕಲಸಿಯೇ ಊಟ ಶುರು ಮಾಡುವ ನಮಗೆ ಇದು ತಿರುವುಮುರುವು.

ಕೂದಲು ಒಂಬತ್ತನೇ ತಿಂಗಳಿಗೆ ಮತ್ತೆ ಹುಟ್ಟಿತು. ತೂಕ ಒಮ್ಮೆಲೇ ಇಳಿದಾಗ ಮೂರನೇ ತಿಂಗಳಿಂದ ಉದುರುವುದು ಸಾಮಾನ್ಯ, ಹೆದರಬೇಕಿಲ್ಲ. ತೋಳಿನ ಚರ್ಮ ಮಾತ್ರ ಜೋಲು ಬಿದ್ದದ್ದು ಹಾಗೇ ಇದೆ. ಜೀವನವಿಡೀ ರವಿಕೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದವಳು ನಾನು, ಒಂದೇ ವರ್ಷದಲ್ಲಿ ನಾಲ್ಕು ಸಲ ಹಿಡಿಸಿದೆ. ಇಲ್ಲಿ ಷೇರ್ ಆಟೊದಲ್ಲಿ ಹಿಂದೆ ಮೂವರು, ಮುಂದೆ ಒಬ್ಬರು. ಹಿಂದೆಲ್ಲ ರಾಸಬಿಹಾರಿಯಿಂದ ಗರಿಯಾಹಾಟ್‌ಗೆ ಎರಡು ಸೀಟಿನ ದುಡ್ಡು ಕೈಯಲ್ಲಿ ಹಿಡಿದೇ ಹತ್ತುತ್ತಿದ್ದೆ, ಚಾಲಕ ಕೇಳುವ ಮೊದಲೇ ಕೊಟ್ಟುಬಿಡೋಣ ಅಂತ. ಆಪರೇಷನ್ ಆದ ವರ್ಷದ ಡಿಸೆಂಬರ್‌ನಲ್ಲಿ ಒಂದು ದಿನ ಇಬ್ಬರ ನಡುವೆ ಕೂತೆ. ಅಭ್ಯಾಸದಂತೆ ಎರಡು ಸೀಟಿನ ದುಡ್ಡು ಕೊಟ್ಟೆ. ಚಾಲಕ ಅರ್ಧ ವಾಪಸು ಕೊಟ್ಟ. ಆ ನಾಣ್ಯಗಳನ್ನು ಖರ್ಚು ಮಾಡಿಲ್ಲ.

ಈಗ ನಾನು ಮಾಡಿದ ತಪ್ಪು. ಒಂದೂವರೆ ವರ್ಷಕ್ಕೆ ತೂಕ 74ಕ್ಕೆ ಬಂದು ನಿಂತಿತ್ತು. 2023ರ ಪೂಜೆ ಮುಗಿದಾಗ 77. ತೀರಾ ಕೆಳಗಿಳಿದ ತೂಕ ಎರಡನೇ ಮೂರನೇ ವರ್ಷದಲ್ಲಿ ಸ್ವಲ್ಪ ಮೇಲೇಳುವುದು ಬಹಳ ಮಂದಿಗೆ ಆಗುವಂಥದ್ದೇ. ಅದು ನನಗೆ ಗೊತ್ತಿರಲಿಲ್ಲ. ಇಷ್ಟು ದುಡ್ಡು ಸುರಿದು, ಅಮ್ಮನನ್ನು ಅಳಿಸಿ, ಮತ್ತೆ ಏರುತ್ತಿದ್ದೇನಲ್ಲ ಎಂಬ ನಾಚಿಕೆ ಹಿಡಿಯಿತು. ಸಂಜೆ ಆಫೀಸಿನಿಂದ ಬರುವಾಗ ಮುರಿ, ಬೇಗುನಿ (ಮಂಡಕ್ಕಿ, ಬದನೆಕಾಯಿ ಬಜ್ಜಿ) ತಿನ್ನುವುದು ಹಳೆಯ ಚಟ. ದುಃಖಕ್ಕೂ ಅದೇ, ಖುಷಿಗೂ ಅದೇ. ಕತ್ತರಿ ಬಿದ್ದದ್ದು ಜಠರಕ್ಕೆ, ಆ ಚಟಕ್ಕಲ್ಲ. ಒಂದೊಂದಾಗಿ ದಿನವೆಲ್ಲ ಮೆಲ್ಲುತ್ತಿದ್ದರೆ 30 ಮಿಲಿಲೀಟರ್ ಚೀಲವೂ ತಡೆಯುವುದಿಲ್ಲ. ಎರಡನೇ ವರ್ಷದ ತಪಾಸಣೆಗೆ ಆಸ್ಪತ್ರೆಗೆ ಹೋಗಿ ತೂಕದ ಯಂತ್ರದ ಮೇಲೆ ನಿಲ್ಲಲು ಮುಖವಿಲ್ಲದೆ ಹೋಗಲೇ ಇಲ್ಲ. ಮಾತ್ರೆಗಳನ್ನೂ ಬಿಟ್ಟೆ. ಬಿಡುಗಡೆ ಚೀಟಿಯ ಎರಡನೇ ಪುಟದಲ್ಲಿ ‘ಜೀವನಪರ್ಯಂತ’ ಎಂದು ಒಂದು ಸಾಲು ಇತ್ತು. ಅದನ್ನು ನನ್ನ ಮುಂದೆ ಯಾರೂ ಓದಿ ಹೇಳಿರಲಿಲ್ಲ, ನಾನೂ ಓದಿಕೊಂಡಿರಲಿಲ್ಲ.

2024ರ ಮಳೆಗಾಲ. ಕಾಳಿಘಾಟ್ ಮೆಟ್ರೊ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಹಿಂದಿನಿಂದ ಒಬ್ಬ ಹುಡುಗ ಓಡಿಬಂದು ನನ್ನ ಚಪ್ಪಲಿ ಕೊಟ್ಟ. ಬಲಗಾಲಿನ ಚಪ್ಪಲಿ ಆರು ಮೆಟ್ಟಿಲು ಕೆಳಗೆ ಜಾರಿ ಉಳಿದಿತ್ತು. ಕಾಲಿಗೆ ಅದು ತಿಳಿದೇ ಇರಲಿಲ್ಲ. ತಿಂಗಳುಗಳಿಂದ ಜೋಮು ಇತ್ತು, ಹಳೆಯ ಸಕ್ಕರೆ ಕಾಯಿಲೆಯದ್ದು ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕೆಳಗೆ, ಕಬ್ಬಿಣವೂ ಕಡಿಮೆ. ಬಿ12 ರಕ್ತ ಸೇರಬೇಕಾದರೆ ಜಠರದಲ್ಲಿ ಹುಟ್ಟುವ ಒಂದು ಪ್ರೊಟೀನ್ ಅದಕ್ಕೆ ಅಂಟಿಕೊಳ್ಳಬೇಕು, ಬೈಪಾಸ್ ಆದ ಮೇಲೆ ಆ ದಾರಿಯೇ ತಪ್ಪಿಹೋಗಿರುತ್ತದೆ. ಸಸ್ಯಾಹಾರಿಗಳಲ್ಲಿ ದಾಸ್ತಾನು ಮೊದಲೇ ಕಡಿಮೆ. ಸಕ್ಕರೆಗೆಂದು ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಕೂಡ ಅದನ್ನು ಮೈ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಮೂರೂ ನನಗೆ ಸೇರಿಕೊಂಡಿದ್ದವು. ಇಂಜೆಕ್ಷನ್‌ಗಳಾದವು, ಜೋಮು ಬಹಳಷ್ಟು ಹೋಯಿತು. ಬಲಗಾಲಿನ ಹೆಬ್ಬೆರಳ ತುದಿಗೆ ಮಾತ್ರ ಇವತ್ತಿಗೂ ನೆಲದ ತಂಪು ತಿಳಿಯುವುದಿಲ್ಲ. ನರಕ್ಕೆ ಬಹಳ ದಿನ ಬಿ12 ತಪ್ಪಿದರೆ ಕೆಲವು ಹಾನಿ ಸರಿಹೋಗುವುದಿಲ್ಲ.

ಈಗಿನ ದಿನಚರಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಬೆಳಿಗ್ಗೆ ಕಬ್ಬಿಣದ ಮಾತ್ರೆ. ಅದಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ, ಒಂದು ಇನ್ನೊಂದನ್ನು ತಡೆಯುತ್ತದೆ. ಟೀ ಕಬ್ಬಿಣಕ್ಕೆ ಆಗದು, ಹಾಗಾಗಿ ಭಾಂಡ್ ಟೀ ಹನ್ನೊಂದಕ್ಕೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು, ಅದಕ್ಕೆ ಜಠರದ ಆಮ್ಲ ಬೇಕಿಲ್ಲ. ವಾರಕ್ಕೊಮ್ಮೆ ಡಿ, ವೈದ್ಯರು ಹೇಳಿದಂತೆ ಬಿ12. ಮಂಡಿನೋವಿಗೆ ಔಷಧಿ ಅಂಗಡಿಯ ಐಬುಪ್ರೊಫೆನ್ ಥರದ ಮಾತ್ರೆ ಮುಟ್ಟುವುದಿಲ್ಲ. ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಹಲ್ಲಿನ ಡಾಕ್ಟರಿಗೂ ಮೊದಲು ಇದನ್ನೇ ಹೇಳುವುದು. ವಾಂತಿ ನಿಲ್ಲದೆ ಮುಂದುವರಿದರೆ ಬಿ1 ಕುಸಿಯಬಹುದು, ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಆದ ಮೇಲೆ ಹೆಣ್ಣುಮಕ್ಕಳು ಬಸಿರಾಗಲು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಸಂಜೆ ಬೇಗುನಿ ಹೊತ್ತಿಗೆ ರವೀಂದ್ರ ಸರೋವರದ ಸುತ್ತ ನಡೆಯುತ್ತೇನೆ. ತೂಕ 80ರ ಆಸುಪಾಸು ನಿಂತಿದೆ, ಇನ್ಸುಲಿನ್ ವಾಪಸು ಬಂದಿಲ್ಲ.

ಊರಿನಿಂದ ಫೋನ್ ಮಾಡಿ ಆಪರೇಷನ್ ಬಗ್ಗೆ ಕೇಳುವವರಿದ್ದಾರೆ. ವಿಮೆಯ ವಿಚಾರಕ್ಕೆ, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೀವ್ರ ತೊಂದರೆ ಇದ್ದರೆ, ವೈದ್ಯರು ಬರೆದುಕೊಟ್ಟ ಆಪರೇಷನ್ನಿಗೆ ‘ಬೊಜ್ಜು’ ಎಂಬ ಒಂದೇ ಕಾರಣಕ್ಕೆ ವಿಮೆ ಇಲ್ಲ ಎನ್ನುವಂತಿರಲಿಲ್ಲ, ಈಗಿನ ನಿಯಮಕ್ಕೆ ನಿಮ್ಮ ಪಾಲಿಸಿ ಓದಿ. 2025ರಿಂದ ತೂಕ ಇಳಿಸುವ ಮೌಂಜಾರೊ, ವೆಗೊವಿ ಇಂಜೆಕ್ಷನ್ನುಗಳೂ ನಮ್ಮ ದೇಶಕ್ಕೆ ಬಂದಿವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ಆಪರೇಷನ್ ಮಾಡಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಪಾಸಣೆ ತಪ್ಪಿಸಿದ್ದಕ್ಕೆ ಇದೆ.

ಆಪರೇಷನ್ ಆಗಿ ವರ್ಷ ದಾಟಿದವರು ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇದ್ದರೆ, ತೂಕ ಎಷ್ಟಾಯಿತು ಎಂದು ಕೇಳಬೇಡಿ, ಇನ್ನೊಂದು ತುತ್ತು ಎಂದು ಬಲವಂತ ಮಾಡಬೇಡಿ. ಬಿ12, ಕಬ್ಬಿಣ, ಡಿ, ಕ್ಯಾಲ್ಸಿಯಂ ಪರೀಕ್ಷೆ ಯಾವಾಗ ಮಾಡಿಸಿದ್ದು ಎಂದು ಕೇಳಿ. ವರ್ಷವಾಗಿದ್ದರೆ ಈ ವಾರವೇ ಜೊತೆಗೆ ಹೋಗಿ ಮಾಡಿಸಿಕೊಂಡು ಬನ್ನಿ.