ನಾಯಿಗೆ ನೀರಿನ ಗಂಟೆ ಬಾರಿಸುವವರು ಯಾರು?

2024ರ ಫೆಬ್ರವರಿಯಲ್ಲಿ ಕೇರಳದ ಶಾಲೆಗಳಲ್ಲಿ ‘ವಾಟರ್ ಬೆಲ್’ ಎಂಬ ಹೊಸ ಗಂಟೆ ಮೊಳಗತೊಡಗಿತು. ಬೆಳಿಗ್ಗೆ 10.30ಕ್ಕೊಮ್ಮೆ, ಮಧ್ಯಾಹ್ನ 2.30ಕ್ಕೊಮ್ಮೆ ಪಾಠ ನಿಲ್ಲಿಸಿ ಮಕ್ಕಳು ನೀರು ಕುಡಿಯಲೆಂದು ಮಾಡಿದ ಏರ್ಪಾಡು ಅದು. ಕಡುಬೇಸಿಗೆಯಲ್ಲಿ ಬಯಲಿನಲ್ಲಿ ದುಡಿಯುವ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಬೇಕೆಂದು ರಾಜ್ಯದ ಕಾರ್ಮಿಕ ಇಲಾಖೆಯೂ ಆದೇಶ ಹೊರಡಿಸುತ್ತ ಬಂದಿದೆ. ಮಕ್ಕಳಿಗೆ ಗಂಟೆಯುಂಟು, ದುಡಿಯುವವರಿಗೆ ಆದೇಶವುಂಟು. ಆದರೆ ಶಾಲೆಯಿಂದ ಮರಳುವ ಮಗುವನ್ನು ಬಾಲವಾಡಿಸುತ್ತ ಇದಿರುಗೊಳ್ಳುವ ಮನೆಯ ನಾಯಿಗೆ ಇವೆರಡೂ ಇಲ್ಲ.

ಬಿಟ್ಟ ನಾಯಿ ತನ್ನ ತಂಪನ್ನು ತಾನೇ ಹುಡುಕಿಕೊಳ್ಳಬಲ್ಲದು. ಅಡಿಕೆ ತೋಟದ ತೇವದ ಮಣ್ಣು, ಹಲಸಿನ ಮರದ ಬುಡ, ಬಚ್ಚಲಿನ ಹೊರಗಣ ನೆಲ, ಎಲ್ಲಿ ನೆರಳೋ ಅಲ್ಲಿ ಅದು ಕಾಲು ಚಾಚಿ ಮಲಗುತ್ತದೆ. ಬೆಳಗಿನ ನೆರಳು ಸರಿದರೆ ತಾನೂ ಸರಿಯುತ್ತದೆ. ಹಗಲು ಕಟ್ಟಿ ರಾತ್ರಿ ಬಿಡುವುದು ಕಾಸರಗೋಡಿನ ಹಲವು ಮನೆಗಳ ರೂಢಿ. ಕಟ್ಟಿದ ನಾಯಿಗೆ ಸರಪಳಿಯ ಉದ್ದವೇ ಲೋಕದ ಮಿತಿ. ಬೆಳಿಗ್ಗೆ ನೆರಳಿದ್ದ ಕಂಬದ ಬಳಿ ಮಧ್ಯಾಹ್ನ ಸುಡುಬಿಸಿಲಿರುತ್ತದೆ. ಸೂರ್ಯ ಸರಿದರೂ ಸರಪಳಿ ಸರಿಯುವುದಿಲ್ಲ.

ಮನುಷ್ಯನ ಮೈಯೆಲ್ಲ ಬೆವರಿ ಶಾಖವನ್ನು ಹೊರಹಾಕುತ್ತದೆ. ನಾಯಿಯ ಬೆವರುಗ್ರಂಥಿಗಳು ಬಹುಮಟ್ಟಿಗೆ ಪಾದದ ಅಡಿಭಾಗಕ್ಕೆ ಸೀಮಿತ. ಅದು ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮತ್ತು ಶ್ವಾಸಮಾರ್ಗದ ತೇವವನ್ನು ಆವಿಯಾಗಿಸಿಯೇ ಮೈಯನ್ನು ತಣಿಸಿಕೊಳ್ಳಬೇಕು. ಗಾಳಿ ಒಣಗಿದ್ದರೆ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರಿನಂಶದಿಂದ ತುಂಬಿರುವುದರಿಂದ ಎಷ್ಟು ಏದುಸಿರು ಬಿಟ್ಟರೂ ಆವಿಯಾಗುವುದು ಕಡಿಮೆ. ಆದುದರಿಂದ ಇಲ್ಲಿಯ ಬಿಸಿಲಿನಷ್ಟೇ ಸೆಕೆಯೂ ನಾಯಿಗೆ ಶತ್ರು. ಉಷ್ಣಮಾಪಕವು 34 ಡಿಗ್ರಿಯನ್ನಷ್ಟೇ ತೋರಿಸುತ್ತಿದೆಯೆಂದು ನಿಶ್ಚಿಂತರಾಗಿರುವಂತಿಲ್ಲ.

ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿಯನ್ನು ದಾಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಹಾನಿಯಾಗತೊಡಗುತ್ತದೆ. ಪಗ್‌ನಂತಹ ಮೊಂಡುಮೂಗಿನ ತಳಿಗಳಿಗೆ ಉಸಿರಾಟವೇ ಕಷ್ಟವಾದುದರಿಂದ ಅವುಗಳಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಮುದಿ ನಾಯಿಗಳು, ಮರಿಗಳು, ಬೊಜ್ಜು ಬೆಳೆದವು, ದಟ್ಟರೋಮದ ತಳಿಗಳು ಅನಂತರದ ಸಾಲಿನಲ್ಲಿವೆ.

ತಗಡಿನ ಮಾಡಿನ ಕಬ್ಬಿಣದ ಗೂಡು ಕಳ್ಳನಿಂದ ಮನೆಯನ್ನು ಕಾಯಬಹುದು. ಮಧ್ಯಾಹ್ನದ ಹೊತ್ತು ಮಾತ್ರ ಅದು ಒಲೆಯಾಗುತ್ತದೆ. ಪರಿಹಾರಕ್ಕೆ ಹಣ ಸುರಿಯಬೇಕಾಗಿಲ್ಲ. ತಗಡಿನ ಮೇಲೆ ಅಡಿಕೆ ಸೋಗೆಯನ್ನೋ ತೆಂಗಿನ ಮಡಲನ್ನೋ ದಪ್ಪವಾಗಿ ಹೊದೆಸಿ, ಗಾಳಿ ಎರಡು ಕಡೆಯಿಂದ ಆಡುವಂತೆ ಗೂಡನ್ನು ಮರದಡಿಗೆ ಸರಿಸಿದರೆ ಸಾಕು. ನೀರಿನ ಪಾತ್ರೆ ಮಗುಚಿ ಬೀಳದಂತೆ ಭಾರವಾಗಿರಬೇಕು, ನೆರಳಿನಲ್ಲಿರಬೇಕು. ನಾಯಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು; 15 ಕಿಲೋ ತೂಗುವ ನಾಯಿಗೆ ಅದು 750ರಿಂದ 900 ಮಿಲಿಲೀಟರಿನಷ್ಟಾಯಿತು. ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಬಾವಿ, ಸುರಂಗಗಳ ನೀರು ಬತ್ತುವ ಏಪ್ರಿಲ್‌–ಮೇ ತಿಂಗಳುಗಳಲ್ಲಿ ಮನೆಯ ನೀರಿನ ಲೆಕ್ಕದಲ್ಲಿ ಈ ಪಾಲೂ ಸೇರಬೇಕು.

ನಾಯಿಯ ಅಡ್ಡಾಟ ಬೆಳಗಿನ ಅಥವಾ ಇಳಿಸಂಜೆಯ ಹೊತ್ತಿಗೇ ಮುಗಿಯಲಿ. ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡ್ ಇಡಲಾಗದಷ್ಟು ಡಾಮರು ಕಾದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಮುಚ್ಚಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ಹೋಗುವುದಂತೂ ಸಲ್ಲದು. ಹೊರಗೆ 32 ಡಿಗ್ರಿ ಇದ್ದಾಗ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ ಉಷ್ಣತೆ 50ರ ಹತ್ತಿರಕ್ಕೆ ಏರಬಹುದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗದು.

ಇದು ಕೇವಲ ದಯೆಯ ವಿಚಾರವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಸೆಕ್ಷನ್ ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವನ ಮೇಲೆ ಅದರ ಕ್ಷೇಮದ ಕರ್ತವ್ಯವನ್ನು ಹೊರಿಸುತ್ತದೆ. 11ನೆಯ ಸೆಕ್ಷನ್‌ನ ಪ್ರಕಾರ ತೀರ ಗಿಡ್ಡವಾದ ಅಥವಾ ತೀರ ಭಾರವಾದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಹಾಕುವುದು, ಸದಾ ಕಟ್ಟಿಟ್ಟ ನಾಯಿಗೆ ನಡೆದಾಟದ ಅವಕಾಶ ಕೊಡದಿರುವುದು, ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು ಎಲ್ಲವೂ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯಿದೆ ಹೇಳಿದ ದಂಡ 10ರಿಂದ 50 ರೂಪಾಯಿ. ದಂಡ ಸಣ್ಣದಾದರೂ ತತ್ತ್ವ ಸಣ್ಣದಲ್ಲ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹೇಳಿತು. ಹಸಿವು–ಬಾಯಾರಿಕೆಗಳಿಂದ ಮುಕ್ತಿ ಅವುಗಳಲ್ಲೊಂದು; ದೇಹದ ಅಸೌಖ್ಯ ಹಾಗೂ ಶೀತೋಷ್ಣಗಳ ಬಾಧೆಯಿಂದ ಮುಕ್ತಿ ಇನ್ನೊಂದು. ಸಂವಿಧಾನದ 51ಎ (ಜಿ) ವಿಧಿಯಂತೆ ಜೀವಿಗಳ ಮೇಲಣ ಕರುಣೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಇವೆಲ್ಲದರ ಸಾರ ಇಷ್ಟೇ: ಕಟ್ಟಿದ ಕೈಯೇ ನೆರಳಿಗೂ ನೀರಿಗೂ ಹೊಣೆ.

ಇಷ್ಟರ ಮೇಲೂ ಅಪಾಯ ಎದುರಾದೀತು. ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಕಡುಗೆಂಪಾದ ಒಸಡು, ತೂರಾಡುವ ನಡಿಗೆ, ವಾಂತಿ, ಕುಸಿತ – ಇವು ಉಷ್ಣಾಘಾತದ ಲಕ್ಷಣಗಳು. ಆಗ ನಾಯಿಯನ್ನು ಕೂಡಲೇ ನೆರಳಿಗೆ ತಂದು, ಹೊಟ್ಟೆ, ತೊಡೆಯ ಸಂದು, ಪಾದಗಳಿಗೆ ಬಾವಿಯ ತಣ್ಣೀರನ್ನು ಧಾರಾಳವಾಗಿ ಸುರಿದು ಗಾಳಿ ಬೀಸಬೇಕು. ಮೈಗೆ ಒದ್ದೆಬಟ್ಟೆ ಸುತ್ತಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಪ್ರಜ್ಞೆಯಿದ್ದರೆ ತುಸು ತುಸು ನೀರು ಕೊಡಬಹುದು. ಬಾಯಿಗೆ ಬಲವಂತವಾಗಿ ಹೊಯ್ಯಬಾರದು. ನಾಯಿ ಚೇತರಿಸಿಕೊಂಡಂತೆ ಕಂಡರೂ ಮೃಗಾಸ್ಪತ್ರೆಗೆ ಒಯ್ಯಲೇಬೇಕು, ಏಕೆಂದರೆ ಒಳಗಿನ ಹಾನಿ ತಡವಾಗಿ ತೋರಬಹುದು.

ಮಕ್ಕಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಜೊಲ್ಲು ಸುರಿಸುತ್ತ ತೂರಾಡುವ ಬೀದಿನಾಯಿಗೆ ಸೆಕೆಯ ಬಾಧೆಯೂ ಇರಬಹುದು, ಹುಚ್ಚಿನ ಸೋಂಕೂ ಇರಬಹುದು. ಅದನ್ನು ಮುಟ್ಟದೆ ಹಿರಿಯರಿಗೆ ತಿಳಿಸುವುದೇ ಸರಿ. ಗೇಟಿನ ಹೊರಗೆ ಒಂದು ಪಾತ್ರೆ ನೀರಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಬೇಸಿಗೆ ರಜೆಯೆಂದರೆ ಮದುವೆ, ಪೂಜೆ, ನೇಮಗಳ ಕಾಲ. ಮನೆಮಂದಿಯೆಲ್ಲ ಬೀಗ ಹಾಕಿ ಹೊರಡುವ ಮುನ್ನ ಗೂಡಿನ ಕಡೆಗೊಮ್ಮೆ ನೋಡಿ, ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ನೆರಳಿರುವುದೇ ಎಂದು ವಿಚಾರಿಸಬೇಕು. ನೆರೆಮನೆಯವರಿಗೆ ನೀರಿನ ಮಾತು ಹೇಳಿಡಬೇಕು. ರಜೆಯಲ್ಲಿ ಶಾಲೆಯ ಗಂಟೆ ಮೌನವಾಗಿರುತ್ತದೆ. ಮನೆಯಲ್ಲಿರುವ ದಿನ ಅದೇ 10.30ಕ್ಕೂ 2.30ಕ್ಕೂ ಮಗುವೊಂದು ತಾನು ನೀರು ಕುಡಿದು ನಾಯಿಯ ಪಾತ್ರೆಯನ್ನೂ ತುಂಬಿಸಿದರೆ, ಶಾಲೆ ಕಲಿಸಿದ ಪಾಠ ಮನೆಯ ಅಂಗಳಕ್ಕೂ ಬಂದಂತಾಯಿತು.