ತವರಿಗೂ ಒಂದು ವೀಸಾ!

ಬಾಗಲೂರು: 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದಾಗ, ನಮ್ಮ ಬಾಗಲೂರಿಗೆ ಅಮೆರಿಕಾ ಹತ್ತಿರವಾಯಿತು ಅಂದವರುಂಟು. ವಿಮಾನವೇನೋ ಹತ್ತಿರವಾಯಿತು. ಅದನ್ನು ಹತ್ತಿ ಹೋದ ಹೆಣ್ಣುಮಕ್ಕಳು? ಅವರೀಗ ಅಲ್ಲಿ ಹುಟ್ಟಿದ ಮಕ್ಕಳ ತಾಯಂದಿರು. ರಜೆಗೆ ಬಂದರೆ ನೆರೆಹೊರೆಯವರ ಮೊದಲ ಮಾತು, “ಯಾವಾಗ ಬಂದ್ಯವ್ವಾ?” ಅದರ ಬೆನ್ನಿಗೇ, “ಯಾವಾಗ ಹೊರಡ್ತೀಯ?”

ಇಲ್ಲಿ ಹೆತ್ತವ್ವನಿಗೆ ಮಂಡಿನೋವು, ಅಲ್ಲಿ ಮಗಳಿಗೆ ಪರೀಕ್ಷೆ. ಇದ್ದು ನೋಡಿಕೊಳ್ಳೋಣವೆಂದರೆ, ಮೊದಲೇ ಅನುಮತಿ ಪಡೆಯದೆ ವರ್ಷ ಮೀರಿ ಹೊರಗುಳಿದರೆ ಗ್ರೀನ್ ಕಾರ್ಡಿಗೇ ಸಂಚಕಾರ. ಅಲ್ಲಿನ ಪ್ರಜೆಯಾಗಿಬಿಟ್ಟರೆ ಆ ಭಯವಿಲ್ಲ, ನಿಜ. ಆದರೆ ನಮ್ಮ 1955ರ ಪೌರತ್ವ ಕಾಯ್ದೆ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಅಲ್ಲಿ ಪ್ರಮಾಣವಚನ ಮುಗಿಯಿತೋ, ಇಲ್ಲಿನ ಪೌರತ್ವ ಹೋಯಿತು!

ಬದಲಿಗೆ ಸಿಗುವುದು ಓ.ಸಿ.ಐ. ಕಾರ್ಡು. ಹೆಸರಿಗೆ ‘ಸಾಗರೋತ್ತರ ನಾಗರಿಕ’. ಅಸಲಿಗೆ ಬದುಕಿರುವವರೆಗೂ ಬಂದುಹೋಗುವ ವೀಸಾ, ಅಷ್ಟೆ. ವೋಟಿಲ್ಲ. ಮನೆ, ಸೈಟು ಕೊಳ್ಳಬಹುದು. ಹೊಲ, ತೋಟ ಕೊಳ್ಳುವಂತಿಲ್ಲ.

ತಮಾಷೆ ನೋಡಿ. ನಮ್ಮ ರಾಜ್ಯದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ನೇಗಿಲು ಮುಟ್ಟದವರೂ ಕೃಷಿ ಜಮೀನು ಖರೀದಿಸಬಹುದು. ರಾಗಿ ಹೊಲದಲ್ಲಿ ಕಳೆ ಕಿತ್ತು ಬೆಳೆದ ರೈತನ ಮಗಳು ಮಾತ್ರ, ಪಾಸ್‌ಪೋರ್ಟ್ ಬದಲಾಗಿದ್ದರೆ, ಒಂದು ಗುಂಟೆಯನ್ನೂ ಕೊಳ್ಳುವಂತಿಲ್ಲ!

ಆದರೆ ವಾರಸುದಾರಿಕೆಯಿಂದ ಬರುವ ಜಮೀನಿಗೆ ಈ ಅಡ್ಡಿಯಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೇ ಹೇಳಿದೆ. “ಫಾರಿನ್ನಿಗೆ ಹೋದೋಳಿಗೆ ಯಾಕ್ರೀ ಪಾಲು? ಒಂದು ಸೈನ್ ಹಾಕಿಸ್ಕೊಂಡ್ರಾಯ್ತು” ಎನ್ನುವ ಅಣ್ಣತಮ್ಮಂದಿರು ಇದನ್ನು ಗಮನಿಸುವುದು ಒಳ್ಳೆಯದು. ಎಕರೆಗೆ ಕೋಟಿಯ ಮಾತಾಡುವ ಊರಿನಲ್ಲಿ ತಂಗಿಯ ದೇಶಪ್ರೇಮದ ಮೇಲೆ ಅನುಮಾನ ಬೇಗ ಹುಟ್ಟುತ್ತದೆ!

ಹಾಗಂತ ಆಕೆ ಅಮೆರಿಕಾವನ್ನು ಬೈಯುವವಳಲ್ಲ. ಅನ್ನ ಕೊಟ್ಟ ದೇಶ. ಮಕ್ಕಳಿಗೆ ಅದೇ ಹುಟ್ಟೂರು. ಹದಿನೈದು ದಿನವಾಗುತ್ತಲೇ ಅವು “ಮನೆಗೆ ಹೋಗೋಣಮ್ಮ” ಅಂದಾಗ ಕರುಳು ಚುರ್ ಎನ್ನುತ್ತದೆ. ಆದರೆ ಅಲ್ಲಿಯ ತನ್ನ ಅಡುಗೆಮನೆಯೂ ನೆನಪಾಗುತ್ತದೆ. ಎರಡೂ ಸುಳ್ಳಲ್ಲ.

ಹೆಣ್ಣಿಗೆ ಎರಡು ಮನೆ ಎಂಬುದು ನಮಗೇನು ಹೊಸದೇ? ಅತ್ತೆಮನೆ ಸೇರಿದವಳು ತವರನ್ನು ಮರೆಯಲಿ ಎಂದು ನಮ್ಮ ಹಿರಿಯರು ಹೇಳಲಿಲ್ಲ. ಒಂದನ್ನೇ ಆರಿಸಿಕೋ ಎನ್ನುತ್ತಿರುವುದು ಸರ್ಕಾರದ ಕಾಗದ. ಕಾಯ್ದೆ ಯಾವತ್ತು ಬದಲಾಗುತ್ತೋ ಬಿಡುತ್ತೋ, ಪಹಣಿಯಲ್ಲಿ ಆಕೆಯ ಹೆಸರು, ಹಬ್ಬಕ್ಕೆ ಆಕೆಯ ಅರಿಶಿನ ಕುಂಕುಮ ಉಳಿಸುವುದು ಮನೆಯವರ ಕೈಯಲ್ಲೇ ಇದೆ.