ಏರ್‌ಬ್ಯಾಗ್ ದೀಪ ಮಿಣುಕಿದಾಗ

ಕಾರಿನ ಚಾವಿಯನ್ನು ತಿರುಗಿಸಿದೊಡನೆ ಚಾಲಕನ ಎದುರಿನ ಫಲಕದಲ್ಲಿ ಹಲವು ಪುಟ್ಟ ದೀಪಗಳು ಒಮ್ಮೆಗೇ ಹೊತ್ತಿಕೊಂಡು, ಅನಂತರ ಒಂದೊಂದಾಗಿ ಆರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಒಂದರ ಮೇಲೆ, ಕುಳಿತ ಮನುಷ್ಯನ ಎದೆಯ ಮುಂದೆ ದೊಡ್ಡ ಚೆಂಡಿರುವಂತಹ ಚಿತ್ರವಿರುತ್ತದೆ. ಇದೇ ಏರ್‌ಬ್ಯಾಗಿನ ಎಚ್ಚರಿಕೆಯ ದೀಪ. ಅದು ಕೆಲವು ಸೆಕೆಂಡು ಬೆಳಗಿ ಆರಿಹೋದರೆ ಕ್ಷೇಮ. ಆರದೆ ಉಳಿದರೆ ಅಥವಾ ಮಿಣುಕತೊಡಗಿದರೆ ಎಲ್ಲಿಯೋ ದೋಷವಿದೆಯೆಂದು ಅರ್ಥ. ಆದರೆ ಹಲವರು, “ಗಾಡಿ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಈ ದೀಪದ ಗೊಡವೆ ನಮಗೇಕೆ?” ಎಂದು ಸುಮ್ಮನಾಗುತ್ತಾರೆ. ಈ ಉದಾಸೀನ ಎಷ್ಟು ಅಪಾಯಕರವೆಂಬುದನ್ನೂ, ದೋಷವನ್ನು ಪತ್ತೆಹಚ್ಚುವ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಏರ್‌ಬ್ಯಾಗ್ ಎಂದರೆ ಸ್ಟಿಯರಿಂಗ್ ಚಕ್ರದೊಳಗೂ ಡ್ಯಾಶ್‌ಬೋರ್ಡಿನೊಳಗೂ ಮಡಿಸಿಟ್ಟ ಗಾಳಿಚೀಲ. ಅಮೆರಿಕೆಯ ಜಾನ್ ಹೆಟ್ರಿಕ್ ಎಂಬಾತನು 1953ರಲ್ಲಿಯೇ ಇಂತಹ ಚೀಲಕ್ಕೆ ಪೇಟೆಂಟ್ ಪಡೆದನು. ಆದರೂ ಜನಸಾಮಾನ್ಯರು ಕೊಳ್ಳುವ ಕಾರುಗಳಿಗೆ ಅದು ಬಂದುದು 1970ರ ದಶಕದಲ್ಲಿ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗನ್ನು 2019ರಲ್ಲಿಯೂ, ಪಕ್ಕದ ಪ್ರಯಾಣಿಕನ ಏರ್‌ಬ್ಯಾಗನ್ನು 2021ರಲ್ಲಿಯೂ ಕಡ್ಡಾಯಗೊಳಿಸಲಾಯಿತು. ಹೀಗಾಗಿ ಈ ದೀಪ ಇಂದು ಶ್ರೀಮಂತರ ಗಾಡಿಗಳಿಗಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ.

ಗಾಡಿ ಬಲವಾಗಿ ಡಿಕ್ಕಿ ಹೊಡೆದಾಗ ಸೆನ್ಸಾರುಗಳು ವೇಗದ ಹಠಾತ್ ಇಳಿತವನ್ನು ಗ್ರಹಿಸಿ ನಿಯಂತ್ರಣ ಘಟಕಕ್ಕೆ ತಿಳಿಸುತ್ತವೆ. ಘಟಕವು ಚೀಲದ ಹಿಂದಿರುವ ಕಿಡಿಕಾರಕಕ್ಕೆ ವಿದ್ಯುತ್ತನ್ನು ಹರಿಸುತ್ತದೆ. ಅದರೊಳಗಿನ ಸೂಕ್ಷ್ಮ ತಂತಿ ಕಾದು, ರಾಸಾಯನಿಕ ಉರಿದು, ಅನಿಲ ಹುಟ್ಟಿ ಚೀಲವನ್ನು ತುಂಬುತ್ತದೆ. ಚೀಲ ತುಂಬಲು ಬೇಕಾದ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30 ಮಾತ್ರ. ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಇಲ್ಲಿ ಒಂದು ತೊಡಕಿದೆ. ಬ್ರೇಕನ್ನು ಒತ್ತಿ ನೋಡಬಹುದು, ಹಾರನ್ನನ್ನು ಬಾರಿಸಿ ನೋಡಬಹುದು. ಏರ್‌ಬ್ಯಾಗನ್ನು ಮಾತ್ರ ಸಿಡಿಸಿ ಪರೀಕ್ಷಿಸುವಂತಿಲ್ಲ. ಒಮ್ಮೆ ಸಿಡಿದುದು ಮತ್ತೆ ಕೆಲಸಕ್ಕೆ ಬಾರದು. ಆದುದರಿಂದ ನಿಯಂತ್ರಣ ಘಟಕವು ಕಿಡಿಕಾರಕವನ್ನು ಹೊತ್ತಿಸಲಾರದಷ್ಟು ಅಲ್ಪ ವಿದ್ಯುತ್ತನ್ನು ತಂತಿಗಳಲ್ಲಿ ಹರಿಸಿ, ಅವುಗಳ ರೋಧವನ್ನು ಸದಾ ಅಳೆಯುತ್ತಿರುತ್ತದೆ. ಕಿಡಿಕಾರಕದ ರೋಧ ಸಾಮಾನ್ಯವಾಗಿ 2 ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ತಂತಿ ತುಂಡಾದರೆ ಹಾಗಿರಲಿ, ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದು ಒಂದೆರಡು ಓಮ್ ಏರಿದರೂ ಘಟಕವು ಅದನ್ನು ಗುರುತಿಸಿ ದೀಪವನ್ನು ಬೆಳಗಿಸಬಹುದು. ಆ ಸ್ಥಿತಿಯಲ್ಲಿ ಅಪಘಾತವಾದರೆ ಚೀಲ ತೆರೆಯುತ್ತದೆಂಬ ಭರವಸೆಯಿಲ್ಲ. ಉದಾಸೀನದ ಬೆಲೆ ಇದೇ.

ಮಿಣುಕುವಿಕೆಗೆ ಕೆಲವು ಗಾಡಿಗಳಲ್ಲಿ ಎಣಿಕೆಯೂ ಇರುತ್ತದೆ. ಫೋರ್ಡ್ ಕಂಪನಿಯ 1990ರ ದಶಕದ ಅನೇಕ ಕಾರುಗಳಲ್ಲಿ ದೀಪವು ಮೂರು ಸಲ ಮಿಣುಕಿ, ಸ್ವಲ್ಪ ತಡೆದು, ಮತ್ತೆರಡು ಸಲ ಮಿಣುಕಿದರೆ 32 ಎಂಬ ಸಂಕೇತ. ಆ ಅಂಕಿಯ ಅರ್ಥವನ್ನು ಆಯಾ ಮಾದರಿಯ ದುರಸ್ತಿ ಕೈಪಿಡಿಯಲ್ಲಿ ನೋಡಬೇಕು. ಈಚಿನ ಕಾರುಗಳಲ್ಲಿಯಾದರೆ ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿ ಸಂಕೇತವನ್ನು ಓದುತ್ತಾರೆ. ಅಗ್ಗದ ಸ್ಕ್ಯಾನರುಗಳಲ್ಲಿ ಹಲವು ಎಂಜಿನ್ನಿನ ದೋಷಗಳನ್ನಷ್ಟೇ ಓದಬಲ್ಲವೆಂಬುದನ್ನು ಮರೆಯಬಾರದು.

ಸಂಕೇತ ದೊರೆತ ಮಾತ್ರಕ್ಕೆ ಕಾರಣ ದೊರೆತಂತಾಗಲಿಲ್ಲ. “ಚಾಲಕನ ಏರ್‌ಬ್ಯಾಗ್ ಮಂಡಲದಲ್ಲಿ ರೋಧ ಹೆಚ್ಚಾಗಿದೆ” ಎಂದು ಸಂಕೇತ ಹೇಳಿತೆನ್ನೋಣ. ದೋಷವು ಚೀಲದಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು, ಸ್ಟಿಯರಿಂಗಿನೊಳಗೆ ಸುರುಳಿಯಾಗಿರುವ ಕ್ಲಾಕ್ ಸ್ಪ್ರಿಂಗ್ ಎಂಬ ಪಟ್ಟಿತಂತಿಯಲ್ಲಿರಬಹುದು. ಇಲ್ಲಿ ಬಲ್ಲ ಮೆಕ್ಯಾನಿಕ್ ಅನುಸರಿಸುವ ಮಾರ್ಗ, ನಾವು ತರ್ಕಶಾಸ್ತ್ರದ ತರಗತಿಯಲ್ಲಿ ಓದುವ ಅನ್ವಯ-ವ್ಯತಿರೇಕವೇ ಆಗಿದೆ. ಅವನು ಚೀಲವನ್ನು ಕಳಚಿ, ಅದರ ಜಾಗದಲ್ಲಿ ಅಷ್ಟೇ ರೋಧವುಳ್ಳ ಪರೀಕ್ಷಾ ಸಾಧನವನ್ನು ಜೋಡಿಸುತ್ತಾನೆ. ದೋಷ ಮಾಯವಾದರೆ ಚೀಲವನ್ನಾಗಲಿ ಅದರ ಜೋಡಣೆಯನ್ನಾಗಲಿ ಶಂಕಿಸಬೇಕು; ಉಳಿದರೆ ಚೀಲ ನಿರಪರಾಧಿ, ದೋಷ ತಂತಿಯ ಹಾದಿಯಲ್ಲಿದೆ. ಹೀಗೆ ಒಂದೊಂದನ್ನೇ ಬಿಡುತ್ತ ಹೋದಂತೆ ಕಾರಣವು ತಾನಾಗಿ ಹೊರಬೀಳುತ್ತದೆ.

ಗಾಡಿಯ ಒಡೆಯನೂ ಗಮನವಿಟ್ಟರೆ ಈ ಕೆಲಸಕ್ಕೆ ನೆರವಾಗಬಲ್ಲನು. ಸೀಟನ್ನು ಹಿಂದೆಮುಂದೆ ಸರಿಸಿದ ಮೇಲೆ ಅಥವಾ ಒಳಗೆ ತೊಳೆಸಿದ ಮೇಲೆ ದೀಪ ಹತ್ತಿತೆ? ಹಾಗಾದರೆ ಸೀಟಿನಡಿಯ ಕನೆಕ್ಟರ್ ಸಡಿಲವಾಗಿರಬಹುದು. ಅನೇಕ ಗಾಡಿಗಳಲ್ಲಿ ಅದಕ್ಕೆ ಹಳದಿ ಬಣ್ಣ. ಹಾರನ್ ಕೂಡ ಕೆಟ್ಟಿದೆಯೆ? ಅದರ ತಂತಿಯೂ ಸಾಮಾನ್ಯವಾಗಿ ಕ್ಲಾಕ್ ಸ್ಪ್ರಿಂಗಿನ ಮೂಲಕವೇ ಹಾಯುವುದರಿಂದ ಶಂಕೆ ಅತ್ತ ಹೋಗಬೇಕು. ಬ್ಯಾಟರಿ ಬಲಗುಂದಿದೆಯೆ? ಮಳೆಗಾಲದಲ್ಲಿ ಕಾರಿನೊಳಗೆ ನೀರು ನಿಂತಿತ್ತೆ? ಇವನ್ನು ನೆನಪಿಟ್ಟು ಮೆಕ್ಯಾನಿಕ್ಕಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಒಡೆಯನ ಕೆಲಸ ಅಲ್ಲಿಗೇ ನಿಲ್ಲಬೇಕು. ಓಮ್‌ಮೀಟರನ್ನೋ ಪರೀಕ್ಷಾ ಬಲ್ಬನ್ನೋ ಕಿಡಿಕಾರಕಕ್ಕೆ ನೇರವಾಗಿ ತಗುಲಿಸಿದರೆ ಚೀಲ ಸಿಡಿದು, ಎದುರಿಗಿದ್ದವನಿಗೆ ತೀವ್ರವಾದ ಗಾಯವಾಗಬಹುದು. ಬ್ಯಾಟರಿಯ ತಂತಿ ಕಳಚಿದರೂ ಘಟಕದ ಕೆಪ್ಯಾಸಿಟರಿನಲ್ಲಿ ಸ್ವಲ್ಪ ಕಾಲ ವಿದ್ಯುತ್ತು ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯದೆ ಬಲ್ಲವರೂ ಅದನ್ನು ಮುಟ್ಟುವುದಿಲ್ಲ.

ಹಳೆಯ ಕಾರನ್ನು ಕೊಳ್ಳುವವರು ಇನ್ನೊಂದನ್ನು ಅರಿತಿರಬೇಕು. ಚಾವಿ ತಿರುಗಿಸಿದಾಗ ಮಿಣುಕುವ ದೀಪಕ್ಕಿಂತ, ಒಮ್ಮೆಯೂ ಹೊತ್ತದ ದೀಪ ಹೆಚ್ಚು ಶಂಕಾಸ್ಪದ. ಅಪಘಾತದಲ್ಲಿ ಸಿಡಿದ ಚೀಲಕ್ಕೆ ಬದಲು ಹೊಸದನ್ನು ಹಾಕಿಸದೆ, ದೀಪದ ಬಲ್ಬನ್ನೇ ತೆಗೆದು ಗಾಡಿ ಮಾರುವವರುಂಟು. ಚೀಲದ ಜಾಗದಲ್ಲಿ ಬರಿಯ ರೆಸಿಸ್ಟರನ್ನು ಜೋಡಿಸಿದರಂತೂ ದೀಪ ಯಥಾಪ್ರಕಾರ ಹೊತ್ತಿ ಆರುತ್ತದೆ. ಮೆಕ್ಯಾನಿಕ್ ಪರೀಕ್ಷೆಗೆಂದು ಬಳಸುವ ಉಪಾಯವೇ ಇಲ್ಲಿ ಮೋಸದ ಸಾಧನವಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ನಂಬಿಕಸ್ಥನಾದ ಮೆಕ್ಯಾನಿಕ್ಕಿನಿಂದ ತೆರೆಯಿಸಿ ನೋಡುವುದು ಒಳಿತು.

ದೀಪದ ದೃಷ್ಟಿಗೂ ಮಿತಿಯುಂಟು. ಜಪಾನಿನ ಟಕಾಟ ಕಂಪನಿಯ ಅನೇಕ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆಗೂ ತೇವಕ್ಕೂ ಸಿಕ್ಕಿ ಕೆಟ್ಟು, ಸಿಡಿಯುವಾಗ ಲೋಹದ ಚೂರುಗಳು ತೂರಿ ಹಲವರು ಪ್ರಾಣ ಕಳೆದುಕೊಂಡರು. ಕೋಟ್ಯಂತರ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆ ದೋಷವನ್ನು ಯಾವ ದೀಪವೂ ತೋರಿಸಲಿಲ್ಲ. ಏಕೆಂದರೆ ದೀಪ ಕಾಯುವುದು ವಿದ್ಯುತ್ತಿನ ಹಾದಿಯನ್ನು, ರಾಸಾಯನಿಕವನ್ನಲ್ಲ. ಕಂಪನಿಯಿಂದ ಅಂತಹ ಕರೆ ಬಂದಾಗ ದೀಪ ಆರಿದೆಯೆಂದು ಅಲಕ್ಷಿಸಬಾರದು.

ಸೀಟ್ ಬೆಲ್ಟನ್ನು ಎಂದೂ ಕಟ್ಟಿಕೊಳ್ಳಬೇಕು. ಏರ್‌ಬ್ಯಾಗ್ ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ದೀಪ ಮಿಣುಕುತ್ತಿರುವಾಗಲಂತೂ ಅದನ್ನು ಮರೆಯಲೇಬಾರದು. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿಬಿಟ್ಟರೆ ದೀಪವೇನೋ ಆರೀತು. ದೋಷ ಅಲ್ಲಿಯೇ ಇದ್ದರೆ ಮತ್ತೆ ಹೊತ್ತಿಯೇ ಹೊತ್ತುತ್ತದೆ. ನಾವು ಹುಡುಕಿಸಬೇಕಾದುದು ದೀಪದ ಹಿಂದಿರುವ ಕಾರಣವನ್ನು. ಅದು ಸರಿಹೋದ ಮೇಲೆ ಆರಿದ ದೀಪ ಅದೇ ಕಾರಣಕ್ಕೆ ಮತ್ತೆ ಹೊತ್ತುವುದಿಲ್ಲ.